ಒಂದೂಕಾಲು ಮೀಟರು

ಕಾಲೇಜಿನ ಆಫೀಸಿನಲ್ಲಿ ಲೂರ್ದ್ ಮೇರಿ ಮೇಡಂ
ಕನ್ನಡಕ ಹಣೆಗೇರಿಸಿ ಹೇಳಿದರು:
ಎಂಬಿಎಗೆ ಹದಿನೆಂಟು ವಿಷಯ, ಫೈನಾನ್ಸ್ ಮಾಸ್ಟರ್ಸಿಗೆ ಹನ್ನೆರಡು,
ಅದರಲ್ಲಿ ಆರು ಎರಡಕ್ಕೂ ಕಾಮನ್.
ಒಮ್ಮೆ ಓದಿದರೆ ಸಾಕಮ್ಮ, ಎರಡೂ ಕಡೆ ಜಮಾ.
ಪೆನ್ಸಿಲ್ಲಿನಲ್ಲಿ ಆರು ಟಿಕ್ಕು ಹಾಕಿ
ಫೀಸಿನ ಚೀಟಿ ಕೊಟ್ಟರು.
ಅದು ಮಾತ್ರ ಎರಡಿತ್ತು.

ನನಗೆ ಈ ಲೆಕ್ಕ ಹೊಸದಲ್ಲ.
ಚಿಕ್ಕಪೇಟೆಯ ಓಣಿಯಲ್ಲಿ, ಸ್ಟೀಲು ಪಾತ್ರೆ ಅಂಗಡಿಯ ಮೇಲಿನ ಅಟ್ಟದಲ್ಲಿ
ನನ್ನಪ್ಪ ಏಕನಾಥ ಪತಂಗೆ
ಒಂದೂಕಾಲು ಮೀಟರಿನಲ್ಲಿ ಎರಡು ರವಿಕೆ ತೆಗೆಯುತ್ತಿದ್ದ.
ಕಾಗದದ ಅಳತೆಗಳನ್ನು ಬಟ್ಟೆಯ ಮೇಲೆ ಹಾಸಿ
ತಿರುಗಿಸಿ, ಮಗುಚಿ,
ಒಂದರ ಕಂಕುಳ ತಿರುವಿನಲ್ಲಿ ಇನ್ನೊಂದರ ತೋಳು ಕೂರುವ ತನಕ
ಮಾತಿಲ್ಲ.
ಬಾಯಲ್ಲಿ ಗುಂಡುಸೂಜಿ.
ಕತ್ತರಿ ಹೋಗುತ್ತಿದ್ದದ್ದು ಒಂದೇ ಗೆರೆಯ ಮೇಲೆ,
ಆ ಗೆರೆ ಇಬ್ಬರು ಹೆಂಗಸರದು.

ಪೀಣ್ಯದ ಬೇರಿಂಗ್ ಕಂಪನಿಯಲ್ಲಿ ಬಿಲ್ಲುಗಳನ್ನು ಕಟ್ಟಿಟ್ಟು
ಐದೂಮುಕ್ಕಾಲಿಗೆ ಹಸಿರು ರೈಲು ಹತ್ತುತ್ತೇನೆ.
ಸಂಪಿಗೆ ರಸ್ತೆ ದಾಟಿದರೆ ಅದು ನೆಲದೊಳಕ್ಕೆ ಇಳಿಯುತ್ತದೆ.
ಕಿಟಕಿಯಲ್ಲಿ ನನ್ನ ಮುಖ, ಅದರ ಮೇಲೆ ಪಕ್ಕದವಳ ಮುಖ.
ಅಪ್ಪನ ಮಿಷನ್ನು ಈಗ ನೆತ್ತಿಯ ಮೇಲೆಲ್ಲೋ ಓಡುತ್ತಿದೆ ಅಂದುಕೊಂಡು
ಸುಮ್ಮನೆ ತಲೆಯೆತ್ತುತ್ತೇನೆ.
ಟ್ಯೂಬ್‌ಲೈಟು.

ಜಯನಗರ. ಮೂರನೇ ಮಹಡಿ.
ಕಾಮನ್ ಕ್ಲಾಸಿನಲ್ಲಿ ಬೆಂಚು ತುಂಬ ಜನ.
ಎಂಟೂವರೆಗೆ ಜಬೀನ್ ಖಾಲಿ ಡಬ್ಬಿ ಅಲುಗಾಡಿಸುತ್ತ ಏಳುತ್ತಾಳೆ,
'ನೀನು?' ಅನ್ನುತ್ತಾಳೆ ದಿನವೂ, ಗೊತ್ತಿದ್ದೂ.
ನನಗೆ ಇನ್ನೊಂದು ಕೋಣೆಯಿದೆ,
ಅಲ್ಲಿ ನಾನು ಈ ಕೋಣೆಯವಳು.
ಎರಡು ವಾಟ್ಸಾಪ್ ಗುಂಪು, ಒಂದೇ ಜೋಕು ಎರಡು ಸಲ ಬರುತ್ತದೆ,
ಎರಡನೇ ಸಲವೂ ನಗುವ ಗೊಂಬೆ ಒತ್ತುತ್ತೇನೆ.
ಗ್ರೂಪ್ ಫೋಟೋ ತೆಗೆದ ದಿನ ಯಾವುದರಲ್ಲೂ ನಾನಿಲ್ಲ.
ಅವರು ಇವರ ಜೊತೆ ಇದ್ದಾಳೆಂದುಕೊಂಡರು,
ಇವರು ಅವರ ಜೊತೆ.

ಅತ್ತೆ ಎರಡು ದೋಣಿಯ ಗಾದೆ ತೆಗೆದರು.
ಹೊಳೆಯೇ ಇಲ್ಲದ ಊರಿಗೆ ದೋಣಿ ಎಲ್ಲಿಂದ ಬಂತು
ಅಂತ ಕೇಳಬೇಕೆನಿಸಿತು.
ಚಪಾತಿ ಲಟ್ಟಿಸಿದೆ.

ಆಮೇಲೆ ಸ್ಟಾಟಿಸ್ಟಿಕ್ಸ್. ನಾಲ್ಕನೆಯ ಟಿಕ್ಕು.
ಮಾರ್ಚಿನ ಕೊನೆಯ ವಾರ,
ನಡುರಾತ್ರಿಯ ತನಕ ಕಂಪನಿಯ ಲಾಭನಷ್ಟ ಕೂಡಿಸಿ
ಬೆಳಿಗ್ಗೆ ಪರೀಕ್ಷೆಗೆ ಕೂತೆ.
ಮೂವತ್ತೊಂದು ಬಂತು.
ಬರೆದದ್ದು ಒಂದೇ ಉತ್ತರಪತ್ರಿಕೆ,
ಎರಡು ಅಂಕಪಟ್ಟಿಯಲ್ಲಿ ಕೆಂಪು ಗೆರೆ.
ಒಮ್ಮೆ ಫೇಲಾದರೆ ಸಾಕಮ್ಮ, ಎರಡೂ ಕಡೆ ಜಮಾ.
ಹಾಗಂತ ಮೇಡಂ ಹೇಳಲಿಲ್ಲ, ನಾನೇ ಹೇಳಿಕೊಂಡೆ.
ಅವರು ತಮ್ಮ ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

ಸೆಪ್ಟೆಂಬರಿನಲ್ಲಿ ಮತ್ತೆ ಬರೆದೆ.
ಇದರಲ್ಲಿ ಐವತ್ತೆರಡು. ಅದರಲ್ಲೂ ಐವತ್ತೆರಡು.

ಭಾನುವಾರ ಅಟ್ಟ ಹತ್ತಿ ಅಪ್ಪನ ಮುಂದೆ ಹಾಳೆಗಳನ್ನಿಟ್ಟೆ.
ಇಂಗ್ಲಿಷು ಅವನಿಗೆ ಬರದು.
ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ,
ಮೂಲೆಗೆ ಮೂಲೆ ಕೂಡಿಸಿದ,
ಹೆಬ್ಬೆರಳಿನಿಂದ ಅಂಚು ಸವರಿದ.
'ಕಟಿಂಗ್ ಚೆನ್ನಾಗಿದೆ' ಅಂದ. 'ಬಟ್ಟೆ ವೇಸ್ಟಾಗಿಲ್ಲ.'
ಆಮೇಲೆ ಹಾಳೆಯ ಬದಿಯಲ್ಲಿ ಏನನ್ನೋ ಹುಡುಕಿದ.
'ಒಳಗೆ ಅರ್ಧ ಇಂಚು ಬಿಟ್ಟಿದ್ದೀಯೇನೆ?
ನಾಳೆ ಮೈ ತುಂಬಿಕೊಂಡರೆ
ಬಿಚ್ಚಿ ಹೊಲಿಯೋಕೆ?'

ಸೋಮವಾರ ಎಂಟೂವರೆ.
ಜಬೀನ್ ಡಬ್ಬಿ ಅಲುಗಾಡಿಸಿ 'ನೀನು?' ಅಂದಳು.
ಆ ಕೋಣೆಯ ದೀಪ ಹತ್ತಿತ್ತು, ಹಾಜರಿ ಕರೆಯುವ ದನಿಯೂ ಕೇಳುತ್ತಿತ್ತು.
ನಾನು ಅವಳ ಹಿಂದೆ ಮೆಟ್ಟಿಲಿಳಿದೆ.
ಕೆಳಗೆ ಕಾಫಿ ಅಂಗಡಿಯವನು
ನಮ್ಮಿಬ್ಬರನ್ನು ನೋಡಿ 'ಬೈಟೂನಾ?' ಅಂದ,
ಅಭ್ಯಾಸದ ಮೇಲೆ ಹ್ಞೂಂ ಅನ್ನುವವಳಿದ್ದೆ.

'ಬೇಡ' ಅಂದೆ. 'ಎರಡು ಕೊಡಿ. ಪೂರ್ತಿ.'